ಎಲೆ ಅಡಿಕೆ ಇಟ್ಟು ಕೇಳಬೇಕು

ಉಡಿಗಾಲದ ಚಿಕ್ಕಮಲ್ಲಮ್ಮನ ಕೆಮ್ಮಿನ ಉಂಡೆ ಎಂದರೆ ಸುತ್ತ ಹತ್ತೂರಿಗೆ ಗೊತ್ತು. ಚಂದಕವಾಡಿಯಿಂದ, ಪುಣಜನೂರಿನ ಕಾಡಂಚಿನಿಂದ, ಚಾಮರಾಜನಗರದ ಪೇಟೆಯಿಂದಲೂ ಜನ ಭಾನುವಾರ ಬೆಳಿಗ್ಗೆ ಕೆಮ್ಮುತ್ತ ಬಂದು ಅವಳ ಜಗಲಿಯ ಮೇಲೆ ಕೂರುತ್ತಿದ್ದರು. ಆಡುಸೋಗೆ, ಮೆಣಸು, ಹಿಪ್ಪಲಿ, ಒಣಶುಂಠಿ, ಹಳೇ ಬೆಲ್ಲ. ಇದರಲ್ಲಿ ಗುಟ್ಟೇನೂ ಇರಲಿಲ್ಲ, ಆದರೆ ತಾವೇ ಕುಟ್ಟಿಕೊಂಡರೆ ಯಾರಿಗೂ ಹತ್ತುತ್ತಿರಲಿಲ್ಲ. ‘ಎಲ್ಲಾ ಅವ್ವನ ಕೈಗುಣ’ ಎಂದು ಜಗಲಿಯಲ್ಲಿ ಆಡಿಕೊಳ್ಳುವುದನ್ನು ಚಿಕ್ಕಮಲ್ಲಮ್ಮ ಒಳಗೆ ನಿಂತು ಪೂರ್ತಿ ಕೇಳಿಸಿಕೊಂಡು, ಏನೂ ಕೇಳದವಳ ಹಾಗೆ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದಳು. ಜಂಬವೇ? ಹೌದು, ಜಂಬವೇ. ನಲವತ್ತು ವರ್ಷ ಕಲ್ಲು ಗುಂಡಿನಲ್ಲಿ ಜಜ್ಜಿದ ಕೈಗೆ ಅಷ್ಟೂ ಇರಬಾರದೇ?

ಔಷಧಿ ಅವಳಿಗೆ ಅತ್ತೆಯಿಂದ ಬಂದದ್ದು, ಕಟ್ಟಳೆಯೂ ಅಲ್ಲಿಂದಲೇ ಬಂದದ್ದು. ದುಡ್ಡು ಮುಟ್ಟುವಂತಿಲ್ಲ. ಎರಡು ವೀಳ್ಯದೆಲೆ, ಒಂದು ಅಡಿಕೆ ಕೈಗಿಟ್ಟು ‘ಔಷ್ದಿ ಕೊಡವ್ವ’ ಎಂದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಕೊಡಬೇಕು.

ಎರಡು ವರ್ಷದ ಹಿಂದೆ ಮಗ ಸೋಮೇಶ್ ಮದುವೆಯಾದ. ಸೊಸೆ ರೂಪಶ್ರೀ ಆಯುರ್ವೇದ ಓದಿದ ಡಾಕ್ಟರು, ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಯ ಕ್ಲಿನಿಕ್ಕಿಗೆ ಹೋಗಿ ಬರುವವಳು. ಬಂದ ಹೊಸದರಲ್ಲಿ ಅತ್ತೆ ಎರಡು ಸಲ ಸೀನಿದ್ದಕ್ಕೆ ಪಾಪ, ಚೂರ್ಣದ ಡಬ್ಬಿ ಹಿಡಿದು ಓಡಿ ಬಂದಿದ್ದಳು. ಜಗಲಿಯ ತುಂಬ ಜನರಿದ್ದರು.

“ಕೇಳ್ದೆ ಕೊಟ್ಟ ಔಷ್ದಿ ಗಂಟ್ಲಲ್ಲಿ ಇಳಿಯಲ್ಲ ಕಣಮ್ಮಿ. ಮಡಗು ಒಳಗೆ,” ಎಂದುಬಿಟ್ಟಿದ್ದಳು ಚಿಕ್ಕಮಲ್ಲಮ್ಮ. ಜನ ನಕ್ಕರು. ರೂಪಶ್ರೀ ಡಬ್ಬಿಯನ್ನು ಒಳಗಿಟ್ಟಳು, ಮತ್ತೆ ತೆಗೆಯಲಿಲ್ಲ.

ಈಗ ಮೂರು ವಾರದಿಂದ ಚಿಕ್ಕಮಲ್ಲಮ್ಮನಿಗೇ ಕೆಮ್ಮು. ತನ್ನದೇ ಉಂಡೆ ದಿನಕ್ಕೊಂದು ತಿಂದಳು, ಆಮೇಲೆ ಮೂರು ತಿಂದಳು. ಕೆಮ್ಮು ಹೋಗುವುದಿರಲಿ, ಗಂಟಲು ಕೆರೆದು ಕೆರೆದು ಮಾತಾಡಿದರೂ ಉರಿಯತೊಡಗಿತು. ಹೋದ ಭಾನುವಾರ ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗಲಿಲ್ಲ. ಪುಣಜನೂರಿನ ಬೆಟ್ಟಯ್ಯ ಕಣ್ಣರಳಿಸಿ, “ಏನವ್ವ, ನಿಮ್ಗೇ ಕೆಮ್ಮಾ?” ಎಂದ.

“ಮೆಣಸಿನ ಘಾಟು ಕಣ್ಲಾ,” ಎಂದು ಜಾರಿಕೊಂಡಳು. ಆದರೆ ಚಂದಕವಾಡಿಯ ಸುಂದ್ರಮ್ಮ, ಹತ್ತು ವರ್ಷದಿಂದ ಕಣ್ಣುಮುಚ್ಚಿ ಉಂಡೆ ನುಂಗುತ್ತಿದ್ದವಳು, ಅಂದು ಅದನ್ನು ಒಮ್ಮೆ ಮೂಸಿ ನೋಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಚಿಕ್ಕಮಲ್ಲಮ್ಮ ಅದನ್ನು ನೋಡಿದಳು. ಕೆಮ್ಮುವವಳ ಕೈಯಿಂದ ಕೆಮ್ಮಿನ ಔಷಧಿ ಯಾರು ತೆಗೆದುಕೊಂಡಾರು? ಇನ್ನೆರಡು ಭಾನುವಾರ ಹೀಗೇ ಆದರೆ ಅತ್ತೆ ಕೊಟ್ಟುಹೋದ ಜಗಲಿ ಖಾಲಿಯಾಗುತ್ತದೆ.

ಶನಿವಾರ ಸಂಜೆ ಸೋಮೇಶನಿಗೂ ತಡೆಯದಾಯಿತು. “ಏನಾದ್ರೂ ಕೊಡಬಾರ್ದ, ಅವ್ವ ಇಂಗೆ ಕೆಮ್ತಾ ಅವ್ಳೆ,” ಎಂದು ಹೆಂಡತಿಯ ಮೇಲೆ ರೇಗಿದ.

“ಕೇಳ್ದೆ ಕೊಟ್ರೆ ಗಂಟ್ಲಲ್ಲಿ ಇಳಿಯಲ್ವಂತೆ,” ಎಂದಳು ರೂಪಶ್ರೀ, ಸೊಪ್ಪು ಬಿಡಿಸುತ್ತ. “ಕೆಮ್ಮಿದ್ರೆ ಕಫ ಬರ್ತದಾ, ಬರೀ ಒಣಕೆಮ್ಮಾ, ನಿಮ್ಮವ್ವನ್ನೇ ಕೇಳ್ರಿ.”

“ಒಣ ಅಂತೇಳ್ಲಾ ನಿನ್ನ ಹೆಂಡ್ರಿಗೆ,” ಎಂದು ನಡುಮನೆಯಿಂದ ದನಿ ಬಂತು. ಸೋಮೇಶ ತಲೆ ಚಚ್ಚಿಕೊಂಡ.

ಭಾನುವಾರ ಎದ್ದವಳೇ ಚಿಕ್ಕಮಲ್ಲಮ್ಮ ಹಿತ್ತಿಲಲ್ಲಿ ಮೆಣಸು ಹಿಪ್ಪಲಿ ಜಜ್ಜತೊಡಗಿದಳು. ಪುಡಿ ಮುಖಕ್ಕೆ ಹಾರುತ್ತಿತ್ತು. ಹದ ನೋಡಲು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನಾಲಿಗೆಗೆ ಹಚ್ಚುತ್ತಿದ್ದಳು. ನಲವತ್ತು ವರ್ಷದ ರೂಢಿ. ಹಿಂದಿನಿಂದ ಯಾರೋ ಅವಳ ಮೂಗು ಬಾಯಿಗೆ ತೆಳ್ಳನೆಯ ಬಟ್ಟೆ ಸುತ್ತಿ ಗಂಟು ಹಾಕಿದರು.

“ಏನಮ್ಮಿ ಇದು?”

“ಔಷ್ದಿ ಅಲ್ಲ ಬುಡಿ ಅತ್ತೆ, ಬಟ್ಟೆ,” ಎಂದು ರೂಪಶ್ರೀ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. “ನಿಮ್ಮುಂಡೆ ಕಫದ ಕೆಮ್ಮಿಗೆ ರಾಮಬಾಣ. ನಾನೂ ಕ್ಲಿನಿಕ್ಕಲ್ಲಿ ಅದನ್ನೇ ಹೇಳ್ತೀನಿ. ಆದ್ರೆ ನಿಮ್ದು ಒಣಕೆಮ್ಮು. ಒಣಗಿದ ಗಂಟ್ಲಿಗೆ ಮೆಣಸು, ಹಿಪ್ಪಲಿ ಅಂದ್ರೆ ಬೆಂಕಿ. ದಿನಕ್ಕೆ ಮೂರು ನುಂಗಿ, ಮೇಲೆ ಈ ಪುಡಿನೂ ಕುಡೀತಾ ಇದ್ರೆ ಎಲ್ಲಿ ವಾಸಿಯಾದಾತು?”

“ನನ್ನುಂಡೆಗೆ ದೋಷ ಹೇಳ್ತೀಯಾ?”

“ಉಂಡೆ ಊರ್ನೆಲ್ಲ ಉಳಿಸೈತೆ. ನಿಮ್ಮ ಗಂಟ್ಲು ಮಾತ್ರ ಯಾರೂ ನೋಡಿಲ್ಲ.” ಅಷ್ಟು ಹೇಳಿ ಎದ್ದು ಹೋದಳು.

ಚಿಕ್ಕಮಲ್ಲಮ್ಮನ ಕೈಯಲ್ಲಿ ಗುಂಡುಕಲ್ಲು ಹಾಗೇ ನಿಂತಿತು. ನಿಜ. ಇಷ್ಟು ವರ್ಷ ಜನ ಬಂದು ತಂತಮ್ಮ ಗಂಟಲು ತೋರಿಸಿದ್ದರೇ ಹೊರತು ಅವಳದನ್ನು ಕೇಳಿದವರಿಲ್ಲ. ಕಣ್ಣು ತುಂಬಿತು. ಮೆಣಸಿನ ಘಾಟು ಎನ್ನೋಣವೆಂದರೆ ಮೂಗಿಗೆ ಬಟ್ಟೆ ಇತ್ತು.

ಜಗಲಿಯ ಮೇಲೆ ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಚಿಕ್ಕಮಲ್ಲಮ್ಮ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಎಲೆ ಅಡಿಕೆ ಹಿಡಿದು ಹೊರಗೆ ಬಂದಳು. ಬೆಟ್ಟಯ್ಯ ಎದ್ದು ದಾರಿ ಬಿಟ್ಟ. ಅವಳು ತನ್ನ ಚಾಪೆಯ ಮೇಲೆ ಕೂರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ ಎರಡೂ ಕೈ ಚಾಚಿದಳು.

“ಔಷ್ದಿ ಕೊಡವ್ವ.”

ಒಬ್ಬರೂ ಕೆಮ್ಮಲಿಲ್ಲ. ರೂಪಶ್ರೀ ಎಲೆ ಅಡಿಕೆ ಇಸಿದುಕೊಂಡಳು. ಒಳಗೆ ಹೋಗಿ ಬೆಚ್ಚನೆಯ ತುಪ್ಪದಲ್ಲಿ ಜ್ಯೇಷ್ಠಮಧುವಿನ ಪುಡಿ, ಕಲ್ಲುಸಕ್ಕರೆ ಕಲಸಿ ತಂದು ಅತ್ತೆಯ ಅಂಗೈಗಿಟ್ಟಳು. “ಮೆಲ್ಲಗೆ ಚೀಪಿ. ಮೂರು ವಾರ ದಾಟಿದ ಕೆಮ್ಮು, ನಾಳೆ ಆಸ್ಪತ್ರೆಗೋಗಿ ಎಕ್ಸ್‌ರೇನೂ ತೆಗ್ಸನ,” ಎಂದಳು.

“ಆಯ್ತು ಡಾಕ್ಟ್ರೆ,” ಎಂದಳು ಚಿಕ್ಕಮಲ್ಲಮ್ಮ. ಸೊಸೆಯನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು.

ಬೆಟ್ಟಯ್ಯನಿಗೆ ದಿಗಿಲು. “ಅಂಗಾರೆ ನಿಮ್ಮ ಕೈಗುಣ ಓಗ್ಬುಡ್ತಾ ಅವ್ವ?”

“ಎಲ್ಲಿಗೋದದ್ಲಾ? ನಮ್ಮತ್ತೆ ಕೈಯಿಂದ ನನ್ನ ಕೈಗೆ ಬಂತು, ಈಗ ನನ್ನ ಸೊಸೆ ಕೈಗೆ ಬಂದದೆ.” ಚಿಕ್ಕಮಲ್ಲಮ್ಮ ಕತ್ತೆತ್ತಿ ಇಡೀ ಜಗಲಿಯನ್ನು ಒಮ್ಮೆ ನೋಡಿದಳು. “ನನ್ನ ಗಂಟ್ಲನ್ನೇ ಅವ್ಳ ಕೈಗೆ ಕೊಟ್ಟಿವ್ನಿ. ನಿಮ್ದೇನು ಮಾ ದೊಡ್ಡದು? ಸಾಲಾಗಿ ಕೂತ್ಕಳಿ.”

ಮೊದಲು ಎದ್ದವಳು ಸುಂದ್ರಮ್ಮ. ಎಲೆ ಅಡಿಕೆಯನ್ನು ರೂಪಶ್ರೀಯ ಕೈಗಿಟ್ಟು, ಕೊಟ್ಟ ಔಷಧಿಯನ್ನು ಮೂಸದೆ ಬಾಯಿಗೆ ಹಾಕಿಕೊಂಡಳು. ಚಿಕ್ಕಮಲ್ಲಮ್ಮ ಸಾಲಿನ ಕೊನೆಯಲ್ಲಿ ಕೂತು ಸಿಹಿಯನ್ನು ಚೀಪುತ್ತ, ಜನ ಸೊಸೆಯ ಬಗ್ಗೆ ಆಡುವುದನ್ನೆಲ್ಲ ಕೇಳಿಸಿಕೊಂಡಳು. ಈ ಸಲ ಕೇಳದವಳ ಹಾಗೆ ಮುಖ ಮಾಡಲಿಲ್ಲ.