ನ್ಯಾಯದೇವತೆಯ ಮೂಗು

ಬಿಳಿಯರ ಆಳ್ವಿಕೆಯಲ್ಲಿ ನ್ಯಾಯಾಲಯವಾಗಿದ್ದ ಆ ಕಟ್ಟಡದಲ್ಲಿ ಈಗ ಹನ್ನೊಂದು ಸಂಸಾರಗಳು ಬಾಡಿಗೆಗಿದ್ದವು. ಕೈದಿಗಳನ್ನು ಕೂಡಿಹಾಕುತ್ತಿದ್ದ ಕೋಣೆ ಗಾರೆಯವನ ಪಾಲಿಗೆ ಬಂದಿತ್ತು. ಅಲ್ಲಿ ಅವನು, ಅವನ ಹೆಂಡತಿ ಮತ್ತು ಅತ್ತೆ ಇದ್ದರು. ಶಿಕ್ಷೆಯ ಅವಧಿ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮಾಲೀಕನು ಕಟ್ಟಡವನ್ನು ಕೆಡವಲು ಹೊರಟಿದ್ದ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಒಂದು ಇಟ್ಟಿಗೆಯನ್ನೂ ಕೀಳುವಂತಿರಲಿಲ್ಲ. ಸೇರದಿದ್ದರೆ ಹನ್ನೊಂದು ಸಂಸಾರಗಳೂ ಬೀದಿಪಾಲು. ಅದನ್ನು ತೀರ್ಮಾನಿಸಲು ಆ ಬೆಳಗ್ಗೆ ತಜ್ಞರೊಬ್ಬರು ಬಂದರು.

ಅವರು ಕಂಬಗಳನ್ನು ತಟ್ಟಿದರು, ಮೆಟ್ಟಿಲುಗಳನ್ನು ಅಳೆದರು, ಮುಖ ಸಿಂಡರಿಸಿದರು. ಕೊನೆಗೆ ಹೆಬ್ಬಾಗಿಲ ಮೇಲಿದ್ದ ನ್ಯಾಯದೇವತೆಯ ಗಾರೆಯ ಮುಖವನ್ನು ಕಂಡದ್ದೇ ತಡ, ಕನ್ನಡಕ ತೆಗೆದು ಒರೆಸಿಕೊಂಡರು.

"ಆಹಾ, ಏನು ಗತ್ತು! ಇದೊಂದು ಮುಖಕ್ಕೇ ಪಟ್ಟಿಗೆ ಸೇರಿಸಬಹುದು. ಸಮುದ್ರದಾಚೆಯಿಂದ ಬಂದ ಕಲಾವಿದನ ಕೈ ಇದು. ನಮ್ಮೋರ ಕೈಲಿ ಆಗೋ ಮಾತಲ್ಲ ಬಿಡಿ."

ಗಾರೆಯವನು ಹೆಂಡತಿಯತ್ತ ನೋಡಿದ. ಹನ್ನೆರಡು ವರ್ಷಗಳ ಹಿಂದೆ ಸುಣ್ಣ ಬಳಿಯುವಾಗ ಏಣಿ ಜಾರಿ ಮೂಲ ಮುಖವನ್ನು ಪುಡಿ ಮಾಡಿದವನು ಅವನೇ. ಮಾಲೀಕನು ಪರವೂರಿನಿಂದ ಮರಳುವಷ್ಟರಲ್ಲಿ ಹೊಸದೊಂದನ್ನು ಮಾಡಿ, ಹಳೆಯದಾಗಿ ಕಾಣಲೆಂದು ಚಹಾ ಬಳಿದು ಕೂರಿಸಿದ್ದ. ಗುಟ್ಟು ಹೆಂಡತಿಯೊಬ್ಬಳಿಗೇ ಗೊತ್ತಿತ್ತು. ಬಿಳಿಯರ ದೇವತೆ ಹೇಗಿದ್ದಳೆಂಬುದು ಅವನಿಗೆ ನೆನಪಿರಲಿಲ್ಲ; ಆದ್ದರಿಂದ ಮನೆಯಲ್ಲಿ ಮೂರು ಹೊತ್ತೂ ತೀರ್ಪು ಕೊಡುತ್ತಿದ್ದ ಮುಖವನ್ನೇ ನೋಡಿಕೊಂಡು ಕಡೆದಿದ್ದ.

ಆ ಮುಖದ ಒಡತಿ ಈಗ ತಜ್ಞರ ಪಕ್ಕದಲ್ಲೇ ನಿಂತಿದ್ದಳು. ಇಷ್ಟು ವರ್ಷ ಅದರ ಕೆಳಗೇ ಓಡಾಡಿದವಳು ಕತ್ತೆತ್ತಿ ನೋಡಿದ್ದು ಇದೇ ಮೊದಲು.

"ಅಳಿಯಂದಿರೇ, ಆ ಮೂಗು ಎಲ್ಲೋ ನೋಡಿದ ಹಾಗಿದೆಯಲ್ಲ?"

"ದೇವತೆಗಳ ಮೂಗೆಲ್ಲ ಒಂದೇ ಥರ, ಅತ್ತೆ."

"ಗದ್ದದ ಮೇಲಿನ ನರೂಲಿನೂ?"

ಮಗಳು ಅವಳ ತೋಳು ಚಿವುಟಿದಳು. "ಅಮ್ಮಾ, ಸುಮ್ನಿರು. ಮನೆ ಉಳೀಬೇಕೋ ಬೇಡ್ವೋ?"

"ನರೂಲಿ ಅಲ್ಲ ತಾಯಿ, ಅದು ಆ ಕಾಲದ ಶೈಲಿ," ಎಂದು ತಜ್ಞರು ತಿದ್ದಿದರು. ಆಮೇಲೆ ಗಾರೆಯವನತ್ತ ತಿರುಗಿ ಒಂದು ಕಾಗದ ಚಾಚಿದರು. "ನೀವು ಗಾರೆ ಕೆಲಸದವರಂತೆ. ನಾಳೆ ರಿಪೇರಿ ಗಿಪೇರಿ ಅಂತ ಇದಕ್ಕೆ ಕೈ ಹಚ್ಚಿಬಿಟ್ಟೀರಿ! ಸಹಿ ಹಾಕಿ."

'ಇಂಥ ಕೆಲಸ ಮಾಡುವ ಸಾಮರ್ಥ್ಯ ನನಗಿಲ್ಲವಾದ್ದರಿಂದ ಇದನ್ನು ಮುಟ್ಟತಕ್ಕದ್ದಲ್ಲವೆಂದು ಒಪ್ಪಿರುತ್ತೇನೆ.'

ಗಾರೆಯವನು ಎರಡು ಸಲ ಓದಿದ. ನೂರಾರು ಗೋಡೆಗಳಿಗೆ ಗಾರೆ ಮೆತ್ತಿದ್ದ ಅವನ ಕೆಲಸವನ್ನು ತಿಳಿದವರೊಬ್ಬರು ಹೊಗಳಿದ್ದು ಇದೇ ಮೊದಲು. ಲೇಖನಿ ಕಾಗದದ ಮೇಲೆ ನಿಂತೇಬಿಟ್ಟಿತು.

"ಸಾರ್, ಒಂದು ಮಾತು..."

ಹೆಂಡತಿ ಅವನ ಅಂಗಿ ಜಗ್ಗಿದಳು. ಬಾಯಿ ಹಾಕಿದವಳು ಅತ್ತೆ.

"ಸಹಿ ಹಾಕಿ, ಅಳಿಯಂದಿರೇ. ಇದನ್ನ ಮಾಡಿದೋನಿಗೆ ಕೈ ಚೆನ್ನಾಗಿತ್ತು. ಬುದ್ಧಿ ಇರಲಿಲ್ಲ, ಅಷ್ಟೆ."

ಮದುವೆಯಾದ ಹದಿನಾರು ವರ್ಷಗಳಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಅವನು ಸಹಿ ಹಾಕಿದ.

ತಜ್ಞರು ಕಾಗದವನ್ನು ಮಡಿಚಿಟ್ಟುಕೊಂಡರು. "ಇನ್ನು ಈ ಮುಖಕ್ಕೆ ಕಾನೂನಿನ ರಕ್ಷಣೆ ಇದೆ. ಯಾರೂ ಎದುರಾಡೋ ಹಾಗಿಲ್ಲ."

"ಕೇಳಿಸ್ತಾ?" ಎಂದು ಅತ್ತೆ ಅಳಿಯನತ್ತ ನೋಡಿದಳು.