ಗುಡುಗು ಮತ್ತು ಅತ್ತೆಯ ಎಡಗಿವಿ

ಗುಡುಗಿದರೆ ಜನ ಮನೆಯೊಳಗೆ ಓಡಬೇಕು ತಾನೆ? ನಮ್ಮ ಮನೆಯಲ್ಲಿ ಎಲ್ಲರೂ ಹೊರಗೆ ಓಡುತ್ತಿದ್ದೆವು!

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕೆಲಸ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ಹಿತ್ತಿಲಾಚೆಯ ಬಯಲಲ್ಲಿ ಕಬ್ಬಿಣದ ಕಂಬ ನೆಟ್ಟು ಉದ್ದಕ್ಕೂ ತಂತಿ ಎಳೆದಿದ್ದೇವೆ. ಮೊದಲ ಗುಡುಗು ಕೇಳಿದ ಕೂಡಲೇ ಅತ್ತೆ "ಬಟ್ಟೆ!" ಎಂದು ಕೂಗಬೇಕು, ಕೈಯಲ್ಲಿದ್ದದ್ದು ಬಿಟ್ಟು ನಾವು ತಂತಿಗೆ ಓಡಬೇಕು. ಅತ್ತೆ ಸೊಸೆಯಾಗಿ ಬಂದ ಕಾಲದಿಂದ ಇದೇ ಪದ್ಧತಿ. ನಾನೂ ಆರು ವರ್ಷ ಬಾಯಿ ಮುಚ್ಚಿಕೊಂಡು ಓಡಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವತ್ತು ಮಧ್ಯಾಹ್ನ ಪಕ್ಕದ ಮನೆಯ ನರ್ಸಕ್ಕ ಸಮವಸ್ತ್ರ ಇಸ್ತ್ರಿಗೆ ಕೊಡಲು ಬಂದಿದ್ದರು. ದೂರದಲ್ಲೆಲ್ಲೋ ಗುಡುಗಿತು.

"ಬಟ್ಟೆ!" ಎಂದು ಅತ್ತೆ ಕೂಗಿದರು.

ನನ್ನ ಗಂಡ ಚಪ್ಪಲಿ ಮೆಟ್ಟುವಷ್ಟರಲ್ಲಿ ನರ್ಸಕ್ಕ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ ಹೊರಟ್ರಿ? ಕಬ್ಬಿಣದ ತಂತಿ ಹಿಡ್ಕೊಂಡು ಸಿಡಿಲನ್ನ ಮನೆಗೆ ಕರೆಯೋಕಾ?"

"ಅದೆಲ್ಲೋ ದೂರ ಇದೆ ಬಿಡಮ್ಮ," ಅಂದರು ಅತ್ತೆ. "ಇನ್ನೂ ಒಂದು ಹನಿ ಬಿದ್ದಿಲ್ಲ."

"ಹನಿ ಬೀಳ್ಲೇಬೇಕು ಅಂತೇನಿಲ್ಲ. ಮಿಂಚು ಹಾದುಹೋದ ಕಡೆ ಗಾಳಿ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಾದು ಸಿಡಿಯುತ್ತೆ. ಆ ಸದ್ದೇ ಗುಡುಗು. ಅದು ಕಿವಿಗೆ ಬಿತ್ತು ಅಂದ್ರೆ, ಮುಂದಿನ ಸಿಡಿಲು ನಮ್ಮ ಮೇಲೂ ಬೀಳ್ಬಹುದು."

"ನಲವತ್ತು ವರ್ಷ ಓಡಿದೀನಿ. ನಂಗೇನಾಯ್ತು? ಗುಂಡುಕಲ್ಲಿನ ಹಾಗಿದೀನಿ!"

"ಹೌದಾ? ಮತ್ತೆ ನಿಮ್ಮ ಎಡಗಿವಿ ಯಾವಾಗಿಂದ ಕೇಳ್ಸಲ್ಲ?"

"ಅದಾ? ಇವನು ಕೈಗೂಸಾಗಿದ್ದಾಗ. ಬಟ್ಟೆ ತೆಗೀತಿದ್ದೆ, ಢಂ ಅಂತು. ಮೈಯೆಲ್ಲ ಜುಂ ಅಂದು ಬಿದ್ಬಿಟ್ಟೆ. ಕಿವೀಲಿ ರಕ್ತ ಬಂತು. ಎದ್ದು, ಮಿಕ್ಕಿದ್ದ ಬಟ್ಟೆ ಎತ್ಕೊಂಡು ಬಂದೆ. ಉಷ್ಣಕ್ಕೆ ಕಿವಿ ಹೋಯ್ತು ಅಂದ್ರು ನಮ್ಮತ್ತೆ."

ನನಗೆ ತಡೆಯಲಾಗಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿದೆ.

"ಉಷ್ಣವಂತೆ ಉಷ್ಣ! ಸಿಡಿಲು ಹೊಡೆದು ಬಿದ್ದೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಯಾರಿಗೂ ತೋಚಲಿಲ್ವಾ? ಯಾರದೋ ಹಾಸಿಗೆ ಬಟ್ಟೆಗೆ ನಿಮ್ಮ ಕಿವಿ ಹೋಯ್ತು. ಈಗ ಅದೇ ತಂತಿಗೆ ಹೆತ್ತ ಮಗನ್ನ ಅಟ್ತೀರಲ್ಲ ಅತ್ತೆ! ಬಟ್ಟೆ ನೆನೆದ್ರೆ ಇನ್ನೊಂದ್ಸಲ ಒಗೀತೀನಿ. ಇವ್ರನ್ನ ಇನ್ನೊಂದ್ಸಲ ಹೆರ್ತೀರಾ?"

ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಎಡಗಿವಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಮಗನ ತೋಳು ಹಿಡಿದು ಒಳಗೆಳೆದರು.

"ಚಪ್ಪಲಿ ಬಿಚ್ಚೋ," ಅಂದರು.

ಮಳೆ ಸುರಿಯಿತು. ತಂತಿ ತುಂಬ ಇದ್ದ ಬಟ್ಟೆಯೆಲ್ಲ ತೊಪ್ಪೆಯಾಯಿತು. ಮಳೆ ನಿಂತದ್ದೇ ನನ್ನ ಗಂಡ ಮೆಲ್ಲಗೆ ಎದ್ದರು.

"ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗ್ಬೇಕು," ಅಂದರು ನರ್ಸಕ್ಕ.

"ಕೂತ್ಕೊಳೋ! ಹೇಳ್ತಿರೋದು ಕೇಳ್ಸಲ್ವಾ? ನಿಂಗೆ ಎರಡು ಕಿವೀನೂ ಇದೆಯಲ್ಲ!" ಎಂದು ಅತ್ತೆ ಗದರಿದರು.

ಈಗ ಮೋಡ ಕವಿದರೆ ಅತ್ತೆ ಬಲಗಿವಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂರುತ್ತಾರೆ. ಸಣ್ಣಗೆ ಗುಡುಗಿದರೂ ಓಣಿಗೆಲ್ಲ ಕೇಳುವಂತೆ "ಒಳಗೆ!" ಎಂದು ಕೂಗುತ್ತಾರೆ.

ನಿಮ್ಮ ಮನೆಯಲ್ಲೂ ಗುಡುಗು ಕೇಳಿ ಬಟ್ಟೆಗೆಂದೋ ಒಣಹಾಕಿದ ಕಾಳಿಗೆಂದೋ ಹೊರಗೆ ಓಡುವವರಿದ್ದಾರೆಯೇ? ಬಾಗಿಲಿಗೆ ಅಡ್ಡ ನಿಲ್ಲಿ. ಬಯಲಲ್ಲಿದ್ದರೆ ಗಟ್ಟಿ ಕಟ್ಟಡಕ್ಕೆ ಬನ್ನಿ. ಮರದ ಕೆಳಗೆ ನಿಲ್ಲಬೇಡಿ, ತಂತಿ ಕಂಬ ಮುಟ್ಟಬೇಡಿ. ಸಿಡಿಲು ಹೊಡೆದವರನ್ನು ಮುಟ್ಟಲು ಮಾತ್ರ ಹೆದರಬೇಡಿ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ತಡಮಾಡದೆ ಆಂಬುಲೆನ್ಸ್ ಕರೆಯಿರಿ. ಹಿರಿಯರಿಗೆ ಹೇಗೆ ಹೇಳುವುದೆಂದು ಸಂಕೋಚವೇ? ಬೈದರೆ ಬೈಸಿಕೊಳ್ಳಿ. ಬೈಯುವುದಕ್ಕಾದರೂ ಅವರು ಬದುಕಿರಬೇಕಲ್ಲ.