ಹದಿನೆಂಟರ ಹಾಜರಿ

ಎಪ್ಪತ್ನಾಲ್ಕು ತುಂಬಿದ ಮೇಲೂ ಬೆಳಗಾದರೆ ಹಾಜರಿ ಹೇಳುವ ಹುಚ್ಚೇಕೆ ಎಂದು ಸೊಸೆ ನಕ್ಕಾಗಲೆಲ್ಲ ನಿವೃತ್ತ ಸರ್ವೇಯರು "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಎನ್ನುತ್ತಿದ್ದರು. ಕಾಲೇಜಿನಲ್ಲಿ ಜೊತೆಗೆ ಓದಿದ ನಲವತ್ತು ಮಂದಿಯಲ್ಲಿ ಉಳಿದವರು ಹತ್ತೊಂಬತ್ತು. ಅವರದೊಂದು ಮೊಬೈಲ್ ಗುಂಪು. ಬೆಳಿಗ್ಗೆ ಒಂಬತ್ತರೊಳಗೆ ಪ್ರತಿಯೊಬ್ಬರೂ ತಮ್ಮ ಹಳೆಯ ರೋಲ್ ನಂಬರ್ ಹಾಕಿ 'ಪ್ರೆಸೆಂಟ್' ಎನ್ನಬೇಕು. ಎನ್ನದವರಿಗೆ ಮಾನಿಟರ್ ಫೋನ್ ಮಾಡುತ್ತಾನೆ. ಅಂದು ತರಗತಿಗೆ ಮಾನಿಟರ್ ಆಗಿದ್ದವನೇ ಇಂದು ಗುಂಪಿಗೂ ಯಜಮಾನ. ಆ ಗತ್ತು ಇನ್ನೂ ಇಳಿದಿಲ್ಲ. ಫೋನ್ ಎತ್ತದಿದ್ದರೆ ಹತ್ತಿರವಿದ್ದವರು ಮನೆಗೇ ಓಡಬೇಕು. ಐದನೇ ನಂಬರಿನವನು ಬಚ್ಚಲಲ್ಲಿ ಜಾರಿಬಿದ್ದ ದಿನ ಹತ್ತು ಗಂಟೆಗೆಲ್ಲ ಬಾಗಿಲು ಒಡೆಸಿ ಅವನನ್ನು ಉಳಿಸಿಕೊಂಡಿದ್ದರು.

ಹದಿನೇಳನೇ ನಂಬರ್ ಸರ್ವೇಯರದು. ಹದಿನೆಂಟು ಅವರ ಗೆಳೆಯ ಸ್ಕೇಲಿನದು. ಕಡ್ಡಿಯಂತೆ ಉದ್ದಕ್ಕಿದ್ದುದಕ್ಕೆ ಆ ಹೆಸರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮದುವೆಯ ಗೋಜಿಗೆ ಹೋಗದೆ ಮಹಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದವನು. ಗುಂಪಿಗೆ ಬರುವ ಹೂವಿನ ಚಿತ್ರ, ಆರೋಗ್ಯದ ಉಪದೇಶ ಕಂಡರೆ ಅವನಿಗೆ ಮೈಯೆಲ್ಲ ಉರಿ. ಒಂದು ದಿನ ಸರ್ವೇಯರಿಗೆ ಹೇಳಿದ:

"ಈ ಕಸ ಗುಡಿಸೋಕೆ ನನ್ನ ಕೈಲಾಗಲ್ಲ ಕಣೋ. ನಾನು ಗುಂಪು ಬಿಡ್ತೀನಿ. ದಿನಾ ನೀನು ಒಂದು ಫೋನ್ ಮಾಡು. ಎತ್ತಿದ್ರೆ ನನ್ನ ಪ್ರಾಕ್ಸಿನೂ ಹಾಕು. ಕಾಲೇಜಲ್ಲಿ ಹಾಕ್ತಿರ್ಲಿಲ್ವಾ?"

'17, 18 ಪ್ರೆಸೆಂಟ್' ಕಂಡು ಗುಂಪೆಲ್ಲ ಬಿದ್ದು ಬಿದ್ದು ನಕ್ಕಿತು. ಮಾನಿಟರ್ ಕೂಡ ಒಪ್ಪಿದ: "ನೀನು ಮಾತಾಡಿಸಿದ್ರೆ ಸಾಕಪ್ಪ, ಜವಾಬ್ದಾರಿ ನಿಂದು."

ಮೊದಲ ಎರಡು ತಿಂಗಳು ಸರ್ವೇಯರು ತಪ್ಪದೆ ಫೋನ್ ಮಾಡಿದರು. ಆದರೆ ಸ್ಕೇಲು ಮಾತಿಗೆ ಕೂತರೆ ಮುಗಿಯಿತು. ಮಂಡಿನೋವಿನಿಂದ ಹಿಡಿದು ಹಾಸ್ಟೆಲಿನ ಹಳೇ ಜಗಳದವರೆಗೆ, ಹೇಳಿದ್ದನ್ನೇ ಹೇಳಿ ತಲೆ ತಿನ್ನುತ್ತಿದ್ದ. ಒಂಟಿಯಾಗಿದ್ದವನಿಗೆ ಇಡೀ ದಿನಕ್ಕೆ ಅದೊಂದೇ ಮಾತು ಎಂಬುದು ಸರ್ವೇಯರಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಸರ ಬಂತು. ಫೋನ್ ದಿನ ಬಿಟ್ಟು ದಿನಕ್ಕಿಳಿಯಿತು, ಆಮೇಲೆ ವಾರಕ್ಕೊಮ್ಮೆ. ಹೇಗೂ ಗಟ್ಟಿ ಆಳು, ಏನಾಗುತ್ತೆ ಎಂದುಕೊಂಡು ಪೇಪರ್ ಓದುತ್ತಲೇ ಎರಡೂ ನಂಬರ್ ಒತ್ತಿಬಿಡುತ್ತಿದ್ದರು.

ಗುರುವಾರ ಮಧ್ಯಾಹ್ನ ಸ್ಕೇಲಿನ ತಂಗಿಯ ಫೋನ್ ಬಂತು. ಸರ್ವೇಯರು ಏದುಸಿರು ಬಿಡುತ್ತ ಮಹಡಿ ಹತ್ತುವಷ್ಟರಲ್ಲಿ ಹೆಣವನ್ನು ಸಾಗಿಸಿಯಾಗಿತ್ತು. ಕೋಣೆಯಲ್ಲಿ ಫಿನಾಯಿಲ್ ವಾಸನೆ. ತಂಗಿ ಮಂಚದ ಮೇಲೆ ಅಣ್ಣನ ಮೊಬೈಲ್ ಹಿಡಿದು ಕೂತಿದ್ದಳು.

"ಸೋಮವಾರವೇ ಬಿದ್ದಿದ್ದಾನಂತೆ. ಬುಧವಾರದವರೆಗೂ ಜೀವ ಇತ್ತು ಅಂತಾರೆ ಡಾಕ್ಟ್ರು. ಫೋನ್ ಮೇಜಿನ ಮೇಲಿತ್ತು, ಕೈಗೆ ಎಟಕಿಲ್ಲ."

ಸರ್ವೇಯರು ಹೇಳಹೋದರು: "ಅಯ್ಯೋ... ನಾನು..."

"ಒಬ್ಬನೇ ಇರಬೇಡ, ನಮ್ಮನೆಗೆ ಬಾ ಅಂತ ಎಷ್ಟು ಸಲ ಕರೆದೆ. 'ಒಂದು ದಿನ ನಾನು ಫೋನ್ ಎತ್ತದಿದ್ರೆ ಸರ್ವೇಯರ್ ಓಡಿ ಬರ್ತಾನೆ, ನಿಂಗ್ಯಾಕೆ ಚಿಂತೆ' ಅಂತಿದ್ದ." ಅವಳು ಮೊಬೈಲನ್ನು ಅವರತ್ತ ತಿರುಗಿಸಿದಳು. "ಇದ್ರಲ್ಲಿ ನಿಮ್ಮದೊಂದೂ ಮಿಸ್ಡ್ ಕಾಲ್ ಇಲ್ಲವಲ್ಲ ಅಣ್ಣ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನಾನು ಯಾರಿಗೂ ಹೇಳಲ್ಲ. ಹೇಳಿದ್ರೆ ಅವನು ಬರ್ತಾನಾ?" ಎಂದು ಎದ್ದು ಕಿಟಕಿ ತೆರೆದಳು.

ಮನೆಗೆ ಬಂದು ಸರ್ವೇಯರು ಮೊಬೈಲ್ ತೆಗೆದರು. ಸುದ್ದಿ ಆಗಲೇ ಗುಂಪು ಮುಟ್ಟಿತ್ತು, ಆದರೆ ಇವತ್ತು ಹೋದ ಎಂದಷ್ಟೇ. ಅದರ ಮೇಲೆಯೇ ಬೆಳಿಗ್ಗೆ ಅವರು ಒತ್ತಿದ್ದ '17, 18 ಪ್ರೆಸೆಂಟ್' ಕಾಣುತ್ತಿತ್ತು. 'ನಾನು ಫೋನ್ ಮಾಡ್ತಾನೇ ಇರಲಿಲ್ಲ. ಅವನನ್ನು ಸಾಯಿಸಿದ್ದು ನಾನು' ಎಂದು ಬರೆದರು. ಕಳಿಸುವ ಮುಂಚೆಯೇ ಮಾನಿಟರನ ಸಂದೇಶ ಬಂದು ಬಿತ್ತು.

'ಹದಿನೇಳು, ಸ್ಕೇಲನ್ನು ಕೊನೇ ದಿನದವರೆಗೂ ಒಡಹುಟ್ಟಿದವನ ಹಾಗೆ ನೋಡಿಕೊಂಡೆ. ನಿನ್ನಂಥ ಗೆಳೆಯ ಎಲ್ಲರಿಗೂ ಸಿಗಲಿ. ಮೂವತ್ತೊಂದನೇ ನಂಬರಿನವನಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ನಾಳೆಯಿಂದ ಅವನ ಹಾಜರಿಯೂ ನಿನ್ನದೇ.'

ಅದರ ಕೆಳಗೆ ಒಂದರ ಹಿಂದೊಂದು ಹದಿನೈದು ಜನ ಕೈಮುಗಿದಿದ್ದರು.

ಸರ್ವೇಯರು ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿ, 'ಆಗಲಿ' ಎಂದು ಕಳಿಸಿದರು.